ಇಡೀ ಸೀಸನ್‌ಗೆ ಪಾಸ್ ತಗೊಳ್ಳಲಾ, ದೊಡ್ಡ ಮ್ಯಾಚ್‌ಗಳಿಗೆ ಮಾತ್ರ ಹೋಗಲಾ?

ಪಾಸಿಗೆ ದುಡ್ಡು ಹಾಕೋದಾ, ಇಲ್ಲಾ ಎರಡು ಮೂರು ದೊಡ್ಡ ತಂಡಗಳ ಪಂದ್ಯ ನೋಡಿ, ಉಳಿದದ್ದನ್ನು ಕಪ್ ತೀರ್ಮಾನವಾಗುವ ಕೊನೆಯ ಪಂದ್ಯಕ್ಕೆ ಎತ್ತಿಡೋದಾ ಅಂತ ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನು 2013-14ರ ಐ-ಲೀಗ್ ಫುಟ್‌ಬಾಲ್‌ನಲ್ಲಿ ಹಾಕಿದ್ದೆ. ಆ ಸೀಸನ್ನೇ ಕಳೆದುಕೊಂಡೆ.

2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಜೆಎಸ್‌ಡಬ್ಲ್ಯೂ ಕಂಪನಿಯ ತಂಡ. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಚೆಟ್ರಿ ಕ್ಯಾಪ್ಟನ್. ಕೆಳಗಿನ ಡಿವಿಷನ್ ಆಡದೆ ನೇರವಾಗಿ ಐ-ಲೀಗ್‌ಗೆ ಬಂತು. ಆಗ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಇನ್ನೂ ಶುರುವಾಗಿರಲಿಲ್ಲ, ದೇಶದ ಮೇಲಿನ ಲೀಗ್ ಅಂದರೆ ಐ-ಲೀಗೇ. ಅದಕ್ಕೂ ಮುಂಚೆ ನಮ್ಮೂರಿನಿಂದ ಎಚ್‌ಎಎಲ್ ಆಡಿತ್ತು, 2012ರಲ್ಲಿ ಕೆಳಗಿಳಿದಿತ್ತು. ಹಾಗಾಗಿ ಒಂದು ವರ್ಷ ಊರಿಗೆ ಲೀಗೇ ಇರಲಿಲ್ಲ.

ಸೆಪ್ಟೆಂಬರ್ 22, ಮೊದಲ ಪಂದ್ಯ. ಎದುರಾಳಿ ಕೋಲ್ಕತ್ತದ ದೊಡ್ಡ ತಂಡ ಮೋಹನ್ ಬಾಗನ್. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಗೆಳೆಯನ ಜೊತೆ ಹೋದೆ. ಗರುಡಾ ಮಾಲ್ ಪಕ್ಕದ ಆ ಚಿಕ್ಕ ಮೈದಾನ ನೋಡಿದವರಿಗೆ ಗೊತ್ತು. ಎಲ್ಲಿ ಕೂತರೂ ಆಟಗಾರರು ಕೂಗಾಡೋದು ಕೇಳುತ್ತೆ. ಕೃತಕ ಹುಲ್ಲು, ಚೆಂಡು ಪುಟಿದಾಗಲೆಲ್ಲ ಕಪ್ಪು ರಬ್ಬರ್ ಪುಡಿ ಚಿಮ್ಮುತ್ತಿತ್ತು. ಪಕ್ಕದಲ್ಲಿ ಆಸ್ಟಿನ್ ಟೌನ್‌ನ ಒಬ್ಬ ಹಿರಿಯರು ಕೂತಿದ್ದರು. ಐಟಿಐ, ಎಚ್‌ಎಎಲ್ ಕಾಲದಿಂದಲೂ ಅದೇ ಮೆಟ್ಟಿಲು ಹತ್ತಿದವರು. ಶಾನ್ ರೂನಿ ಕ್ಲಬ್‌ನ ಮೊಟ್ಟಮೊದಲ ಗೋಲು ಹೊಡೆದಾಗ ಗುರುತು ಪರಿಚಯ ಇಲ್ಲದ ನನ್ನ ಹೆಗಲು ಹಿಡಿದು ಅಲ್ಲಾಡಿಸಿಬಿಟ್ಟರು. ಪಂದ್ಯ 1-1 ಡ್ರಾ ಆಯಿತು.

ಎದ್ದು ಹೊರಡುವಾಗ ಅವರು ಕೇಳಿದರು, "ರಂಗ್ದಾಜಿದ್ ಮ್ಯಾಚಿಗೂ ಬರ್ತೀಯೇನಪ್ಪಾ?"

"ಅದು ಶಿಲ್ಲಾಂಗಿನ ಹೊಸ ಟೀಮು ಅಲ್ವಾ ಸಾರ್? ಈಸ್ಟ್ ಬೆಂಗಾಲ್ ಥರ ದೊಡ್ಡ ಟೀಮು ಬಂದಾಗ ಬರ್ತೀನಿ" ಅಂದೆ.

"ಅವರ ಮೇಲೆ ಗೆದ್ರೆ ಮೂರು ಪಾಯಿಂಟ್ ಕೊಡಲ್ವಾ?" ಅಂತ ಕೇಳಿ ಮೆಟ್ಟಿಲಿಳಿದು ಹೋದರು.

ಕ್ಲಬ್‌ನ ಮೊದಲ ಗೆಲುವು ಆ ರಂಗ್ದಾಜಿದ್ ಮೇಲೇ ಬಂತು, 3-0. ನಾನು ಹೋಗಿರಲಿಲ್ಲ. ಆಮೇಲೆ ಸಣ್ಣ ತಂಡಗಳ ಒಂದು ಪಂದ್ಯಕ್ಕೂ ಹೋಗಲಿಲ್ಲ. ಗೆಳೆಯ ಎಲ್ಲದಕ್ಕೂ ಹೋದ. ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಅಭಿಮಾನಿಗಳ ಗುಂಪು ಬೆಳೆದದ್ದು ಆ ವರ್ಷ. ಅವನು ಅವರ ಜೊತೆ ನಿಂತು ಹಾಡುಗಳನ್ನು ಕಲಿತು ಬರುತ್ತಿದ್ದ. ನಾನು ಸ್ಕೋರ್ ನೋಡಿ ಸುಮ್ಮನಾಗುತ್ತಿದ್ದೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಬರೆದಿರುವ "ಕೊನೆಯ ಪಂದ್ಯಕ್ಕೆ ಉಳಿಸೋಣ" ಅನ್ನೋ ಮಾತಿನ ಒಳಗೆ ಅದೇ ತಪ್ಪು ಕೂತಿದೆ.

ಮಾರ್ಚ್ ಹೊತ್ತಿಗೆ ನಮ್ಮ ತಂಡ ಮೇಲಿತ್ತು, ಬೆನ್ನಿಗೆ ಈಸ್ಟ್ ಬೆಂಗಾಲ್. ನಾನು ಒಂದು ನೋಟ್‌ಬುಕ್ಕಿನಲ್ಲಿ ಪಾಯಿಂಟ್ಸ್ ಪಟ್ಟಿ ಬರೆದುಕೊಂಡೆ. ಆ ವರ್ಷ ಲೀಗ್‌ನಲ್ಲಿ 13 ತಂಡ. ಬೆಸ ಸಂಖ್ಯೆ, ಹಾಗಾಗಿ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ನೆ ಕೂರಬೇಕು. ಅದರ ಮೇಲೆ ಈಸ್ಟ್ ಬೆಂಗಾಲ್ 2013ರ ಎಎಫ್‌ಸಿ ಕಪ್‌ನಲ್ಲಿ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಸೆಮಿಫೈನಲ್‌ವರೆಗೆ ಹೋಗಿತ್ತು. ಅದಕ್ಕೆ ಅವರ ಲೀಗ್ ಪಂದ್ಯಗಳು ಹಿಂದೆ ಬಿದ್ದಿದ್ದವು. ಅಂದರೆ ನಾವು ಆಡಿದಷ್ಟು ಪಂದ್ಯ ಅವರು ಆಡಿರಲಿಲ್ಲ.

ಇಲ್ಲಿಯವರೆಗೆ ಸರಿಯಾಗೇ ಇತ್ತು. ಆಮೇಲೆ ನಾನು ಮಾಡಿದ್ದೇನು ಅಂದ್ರೆ, ಅವರಿಗೆ ಬಾಕಿ ಇದ್ದ ಪ್ರತಿ ಪಂದ್ಯಕ್ಕೂ ಮೂರು ಪಾಯಿಂಟ್ ಸೇರಿಸಿದೆ. ಪೆನ್ನಿನಲ್ಲೇ ಬರೆದೆ. ಹಾಗೆ ಬರೆದಾಗ ಎರಡೂ ತಂಡ ಹತ್ತಿರ ಬಂದುಬಿಟ್ಟವು. "ಇದು ಕೊನೆಯ ಸುತ್ತಿನ ತನಕ ಎಳೆಯುತ್ತೆ" ಅಂತ ತೀರ್ಮಾನ ಮಾಡಿ, ಆಫೀಸಿನಲ್ಲಿ ಕೊನೆಯ ಸುತ್ತಿಗೆ ರಜೆ ಬರೆಸಿದೆ.

ಬಾಕಿ ಪಂದ್ಯ ಅನ್ನೋದು ಪಾಯಿಂಟ್ ಅಲ್ಲ. ಅದು ಇನ್ನೂ ಆಡಬೇಕಾದ ಪಂದ್ಯ, ಅಷ್ಟೇ. ಅದರಲ್ಲೂ ಬಾಕಿ ಉಳಿದ ಪಂದ್ಯಗಳು ಉಳಿದವುಗಳ ನಡುವೆ ತುರುಕಿಕೊಂಡು ಬರ್ತವೆ. ಮೂರು ನಾಲ್ಕು ದಿನಕ್ಕೊಂದು ಆಟ. ನಡುವೆ ಕೋಲ್ಕತ್ತ, ಗೋವಾ, ಶಿಲ್ಲಾಂಗ್ ಅಂತ ಓಡಾಟ. ಕಾಲು ಸೋತಿರುತ್ತೆ, ಗಾಯ ಮಾಗಿರಲ್ಲ. ಅಂಥ ಪಂದ್ಯಗಳಲ್ಲೇ ಡ್ರಾ ಜಾಸ್ತಿ ಆಗೋದು. ನಾನು ಇನ್ನೊಂದು ತಂಡದ ದಣಿವನ್ನು ಗೆಲುವು ಅಂತ ಬರೆದುಕೊಂಡಿದ್ದೆ. ನಮ್ಮವರಿಗೆ ಮಾತ್ರ ಪ್ರತಿ ಪಂದ್ಯದಲ್ಲೂ ಸೋಲಿನ ಭಯ ಲೆಕ್ಕ ಹಾಕಿದ್ದೆ. ಒಂದೇ ಪುಟದಲ್ಲಿ ಎರಡು ತಂಡಕ್ಕೆ ಎರಡು ಅಳತೆ!

ಏಪ್ರಿಲ್ 21, 2014. ಸೋಮವಾರ. ಮಡಗಾಂವ್‌ನ ಫಟೋರ್ಡಾ ಸ್ಟೇಡಿಯಮ್ಮಿನಲ್ಲಿ ಗೋವಾದ ತಂಡ ಡೆಂಪೊ ಜೊತೆ ಪಂದ್ಯ. ಗೆಳೆಯ ಮೂರು ದಿನ ಮುಂಚೆಯೇ ಕರೆದಿದ್ದ. "ಬಾರೋ, ರಾತ್ರಿ ಬಸ್ಸಿಗೆ ಹತ್ತಿದ್ರೆ ಬೆಳಿಗ್ಗೆ ಗೋವಾ. ಗೆದ್ರೆ ಅಲ್ಲೇ ಕಪ್ ನಮ್ದು" ಅಂದ. "ಇಲ್ಲ ಕಣೋ, ಅಷ್ಟು ಬೇಗ ಮುಗಿಯಲ್ಲ, ನನ್ನ ರಜೆ ಕೊನೆಗೆ ಇಟ್ಕೊಂಡಿದೀನಿ" ಅಂತ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದೆ. ಅವನು ಒಬ್ಬನೇ ಹೋದ.

ನಾನು ಆಫೀಸಿನಲ್ಲಿದ್ದೆ. ನಾಲ್ಕು ದಿನದ ಹಿಂದೆ ಲೋಕಸಭೆಗೆ ಓಟು ಹಾಕಿದ್ದ ಮಸಿ ಇನ್ನೂ ಬೆರಳಿನ ಮೇಲಿತ್ತು. ಫೋನು ಮೇಜಿನ ಮೇಲೆ ಅಂಗಾತ ಇಟ್ಟಿದ್ದೆ. ಆ ದಿನ ಅವನಿಂದ ಆರು ಮೆಸೇಜ್ ಬಂದವು. ನಾಲ್ಕರಲ್ಲಿ "ನಮ್ದು", ಎರಡರಲ್ಲಿ "ಅವರ್ದು". ಬೇರೆ ಒಂದಕ್ಷರ ಇಲ್ಲ. 4-2. ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ, ಆಡಿದ ಮೊದಲ ಸೀಸನ್ನಿನಲ್ಲೇ ಬೆಂಗಳೂರು ಚಾಂಪಿಯನ್. ಕೊನೆಗೆ ಪಟ್ಟಿಯಲ್ಲಿ ನಮಗೆ 47, ಈಸ್ಟ್ ಬೆಂಗಾಲ್‌ಗೆ 43. ಅವನು ಫೋನ್ ಮಾಡಿದಾಗ ಬರೀ ಗಲಾಟೆ ಕೇಳಿಸ್ತು. ಅವನು ಏನು ಹೇಳಿದ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಖುಷಿಯಾಗಿತ್ತು, ಅಳುವೂ ಬಂದಿತ್ತು.

ಮುಂದಿನ ಲೀಗ್‌ಗೆ ತಂಡ ಕಂಠೀರವಕ್ಕೆ ಹೋಯಿತು. ಅಶೋಕನಗರದಲ್ಲಿ ಆ ತಂಡ ಕಪ್ ಕಡೆಗೆ ನಡೆದ ವರ್ಷ ಒಂದೇ ಒಂದು. ಆ ಮೈದಾನ ನನ್ನ ಮನೆಯಿಂದ ಒಂದೇ ಬಸ್ಸಿನ ದಾರಿ ಆಗಿತ್ತು.

2014-15ಕ್ಕೆ ಪಾಸ್ ತಗೊಂಡೆ. ಒಂದು ಪಂದ್ಯವನ್ನೂ ಬಿಡಲಿಲ್ಲ. ಆ ವರ್ಷ ನೀವು ಕನಸು ಕಾಣ್ತಿರೋ ಥರದ್ದೇ ಕೊನೆಯ ಪಂದ್ಯ ಬಂತು. ಮೇ 31, 2015, ಕಂಠೀರವ, ಮತ್ತೆ ಮೋಹನ್ ಬಾಗನ್. ಅವರಿಗೆ ಡ್ರಾ ಸಾಕು, ನಾವು ಗೆಲ್ಲಲೇಬೇಕು. ಮೊದಲರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದವರೆಗೂ ಕಪ್ ನಮ್ಮದೇ. ಆಗ ಸೋನಿ ನಾರ್ಡೆ ಕಾರ್ನರ್ ತೆಗೆದರು, ಬೆಲ್ಲೊ ರಜಾಕ್ ತಲೆ ಕೊಟ್ಟರು, 1-1. ಬಾಗನ್ 39, ನಾವು 37. ಅವರಿಗೆ 13 ವರ್ಷದ ಮೇಲೆ ಸಿಕ್ಕ ರಾಷ್ಟ್ರೀಯ ಲೀಗ್.

ಆ ಒಂದು ಕಾರ್ನರ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಆ ರಾತ್ರಿ ಯೋಚನೆ ಮಾಡಿದ್ದು ಬೇರೆ. ಇಡೀ ಸೀಸನ್ನು ಎದುರಿಗೇ ಕೂತು ನೋಡಿದ್ದೆ ಅಲ್ವಾ? ಎಲ್ಲೆಲ್ಲಿ ಡ್ರಾ ಆಗಿ, ಮೂರರ ಬದಲು ಒಂದೇ ಸಿಕ್ಕಿ, ಎರಡೆರಡು ಪಾಯಿಂಟ್ ಜಾರಿದವು ಅನ್ನೋದು ಒಂದೊಂದಾಗಿ ಕಣ್ಮುಂದೆ ಬಂತು. ಅವುಗಳಲ್ಲಿ ಎರಡೇ ಎರಡು ಡ್ರಾ ಗೆಲುವಾಗಿದ್ದರೂ ಕೊನೆಯ ದಿನ ನಮಗೂ ಡ್ರಾ ಸಾಕಾಗುತ್ತಿತ್ತು. ಕೊನೆಯ ಪಂದ್ಯಕ್ಕೆ ಮಾತ್ರ ಬಂದವರಿಗೆ ಕಾಣಿಸಿದ್ದು ಒಂದು ಕಾರ್ನರ್, ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಲೀಗ್‌ನಲ್ಲಿ ದೊಡ್ಡ ಪಂದ್ಯ, ಸಣ್ಣ ಪಂದ್ಯ ಅಂತ ಇಲ್ಲ. ಫೈನಲ್ ಬೇಕು ಅಂದ್ರೆ ನಾಕೌಟ್ ಟೂರ್ನಿ ನೋಡಿ, ಅದರ ಮಜಾ ಬೇರೆ. ಲೀಗ್ ಅಂದ್ರೆ ಬುಧವಾರ ಸಂಜೆ, ಅರ್ಧ ಖಾಲಿ ಸ್ಟ್ಯಾಂಡು, ಪಟ್ಟಿಯಲ್ಲಿ ಕೆಳಗಿರೋ ತಂಡ, 80ನೇ ನಿಮಿಷಕ್ಕೂ 0-0. ಅವತ್ತು ಅಲ್ಲಿರಬೇಕು.

ದುಡ್ಡು ನಿಜವಾಗಿಯೂ ಬಿಗಿಯಿದ್ದರೆ ನಿಮ್ಮ ಯೋಜನೆಯನ್ನು ತಿರುಗಿಸಿ. ದೊಡ್ಡ ಹೆಸರಿನ ಪಂದ್ಯಗಳನ್ನು ಟಿವಿಯಲ್ಲಿ ನೋಡಿ, ಕೆಳಗಿನ ತಂಡಗಳ ಪಂದ್ಯಕ್ಕೆ ಟಿಕೆಟ್ ತಗೊಳ್ಳಿ. ಪಟ್ಟಿ ನೋಡುವಾಗ ಪಾಯಿಂಟ್ಸ್‌ಗಿಂತ ಮುಂಚೆ ಆಡಿದ ಪಂದ್ಯಗಳ ಕಾಲಂ ನೋಡಿ. ಬಾಕಿ ಪಂದ್ಯಕ್ಕೆ ಯಾರಿಗೂ ಪಾಯಿಂಟ್ ಕೊಡಬೇಡಿ. ರಜೆಯನ್ನು ಕೊನೆಯ ಸುತ್ತಿಗೆ ಕಟ್ಟಿಹಾಕಬೇಡಿ. ಅದಕ್ಕೂ ಎರಡು ಮೂರು ಪಂದ್ಯ ಮುಂಚೆ, ಊರಾಚೆ ಹೋಗೋಕೆ ಆಗುವ ಹಾಗೆ ಇಟ್ಟುಕೊಳ್ಳಿ.

2016ರಲ್ಲಿ ನಮ್ಮ ತಂಡ ಎರಡನೇ ಸಲ ಐ-ಲೀಗ್ ಗೆದ್ದಿತು. ಆಗಲೂ ಕೊನೆಯ ಪಂದ್ಯಕ್ಕೆ ಮುಂಚೆಯೇ, ಕಂಠೀರವದಲ್ಲಿ ಸಾಲ್ಗಾಂವ್ಕರ್ ಮೇಲೆ 2-0. ಆ ಸಲ ನಾನು ಅಲ್ಲಿದ್ದೆ. ಗೆಳೆಯ ಬರೋಕೆ ಆಗಿರಲಿಲ್ಲ, ಅವನ ಮಗಳಿಗೆ ಜ್ವರ. ಪ್ರತಿ ಗೋಲಿಗೂ ಅವನಿಗೊಂದು ಮೆಸೇಜ್ ಕಳಿಸಿದೆ: "ನಮ್ದು".