‘ಹೋಡ್ಲ್’ ಎಂದರೆ ಏನೇ ಆದರೂ ಮಾರಬಾರದು ಎಂದೇ?

ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್ ಕೊಳ್ಳುವವರ ಬಾಯಲ್ಲಿ ಕೇಳಿಬರುವ ‘ಹೋಡ್ಲ್’ ಎಂಬುದು ‘ಹೋಲ್ಡ್’ (ಹಿಡಿದಿಟ್ಟುಕೋ) ಪದದ ತಪ್ಪು ಕಾಗುಣಿತ ಇರಬಹುದೇ ಎಂದೂ ಕೇಳಿದ್ದೀರಿ. ನಿಮ್ಮ ಊಹೆ ಸರಿ, ಅದು ತಪ್ಪು ಕಾಗುಣಿತವೇ. 2013ರ ಡಿಸೆಂಬರ್ 18ರಂದು ಬಿಟ್‌ಕಾಯಿನ್ ಕುಸಿಯುತ್ತಿತ್ತು. ಎರಡು ವಾರಗಳ ಹಿಂದೆ ಸಾವಿರ ಡಾಲರ್ ದಾಟಿದ್ದ ಬೆಲೆ ಅರ್ಧದ ಆಸುಪಾಸಿಗೆ ಇಳಿದಿತ್ತು. ವಿಸ್ಕಿ ಕುಡಿದಿದ್ದ ಹೂಡಿಕೆದಾರನೊಬ್ಬ ಬಿಟ್‌ಕಾಯಿನ್‌ಟಾಕ್ ಎಂಬ ಚರ್ಚಾ ತಾಣದಲ್ಲಿ ‘ಐ ಆ್ಯಮ್ ಹೋಡ್ಲಿಂಗ್’ ಎಂದು ತಲೆಬರಹ ಕೊಟ್ಟು ಬರೆದ. ಎಲ್ ಮತ್ತು ಡಿ ಅದಲುಬದಲಾಗಿದ್ದವು. ಎರಡನೆಯ ಸಲ ಟೈಪ್ ಮಾಡಿದರೂ ತಪ್ಪೇ ಉಳಿಯಿತೆಂದು ಅವನೇ ಅಲ್ಲಿ ಹೇಳಿಕೊಂಡಿದ್ದಾನೆ. ‘ಹೋಲ್ಡ್ ಆನ್ ಫಾರ್ ಡಿಯರ್ ಲೈಫ್’ (ಪ್ರಾಣವೇ ಹೋಗುವಂತೆ ಬಿಗಿಯಾಗಿ ಹಿಡಿದುಕೋ) ಎಂಬ ವಿಸ್ತರಣೆ ಆಮೇಲೆ ಹೊಸೆದದ್ದು.

ಜನ ಮರೆತಿರುವುದು ಅವನು ಕೊಟ್ಟ ಕಾರಣವನ್ನು. ‘ನಾನು ಕೆಟ್ಟ ವ್ಯಾಪಾರಿ, ಅದು ನನಗೆ ಗೊತ್ತು’ ಎಂಬುದೇ ಅವನ ವಾದದ ತಿರುಳು. ಏರಿಳಿತವನ್ನು ಮೊದಲೇ ಊಹಿಸಬಲ್ಲ ಪಳಗಿದವರು ನನ್ನಂಥವನ ಹಣ ಕಸಿಯಬೇಕಾದರೆ ನಾನು ಹೆದರಿ ಮಾರಬೇಕು, ಹಾಗಾಗಿ ಮಾರುವುದಿಲ್ಲ ಎಂದ. ತನ್ನ ಮಿತಿಯನ್ನು ಒಪ್ಪಿಕೊಂಡವನ ಮಾತು ಅದು.

ಇಂದು ಅದೇ ಪದ ಅಪ್ಪಣೆಯಾಗಿದೆ. ಹಿಡಿದು ಕುಳಿತವರು ‘ಡೈಮಂಡ್ ಹ್ಯಾಂಡ್ಸ್’, ಮಾರಿದವರು ‘ಪೇಪರ್ ಹ್ಯಾಂಡ್ಸ್’. 2021ರಲ್ಲಿ ನಾನೊಂದು ಸಣ್ಣ ಕಾಯಿನ್ ಕೊಂಡಿದ್ದೆ. ಬೆಲೆ ಅರ್ಧವಾದ ರಾತ್ರಿ ಮಾರುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟಿದ್ದೆ. ಅಷ್ಟರಲ್ಲಿ ಆ ಕಾಯಿನ್ ಕೊಂಡವರ ಚಾಟ್ ಗುಂಪಿನಲ್ಲಿ ‘ಹೋಡ್ಲ್’ ಎಂಬ ಸಂದೇಶಗಳು ಸಾಲಾಗಿ ಬಂದವು, ಬೆರಳು ಹಿಂತೆಗೆದುಕೊಂಡೆ. ಆ ಕಾಯಿನ್ ರೂಪಿಸಿದವರು ತಿಂಗಳುಗಳಿಂದ ಸದ್ದಿಲ್ಲದೆ ಮರೆಯಾಗಿದ್ದರು. ಅದನ್ನು ನಾನು ಗಮನಿಸಿರಲೇ ಇಲ್ಲ. ಆ ಹಣ ಮರಳಿ ಬರಲಿಲ್ಲ.

ಬಿಟ್‌ಕಾಯಿನ್ ಕಥೆ ಬೇರೆ. 2017ರ ಡಿಸೆಂಬರ್‌ನಲ್ಲಿ ಇಪ್ಪತ್ತು ಸಾವಿರ ಡಾಲರ್ ಸಮೀಪಿಸಿ, ಒಂದೇ ವರ್ಷದಲ್ಲಿ ಮೂರು ಸಾವಿರ ಚಿಲ್ಲರೆಗೆ ಬಿದ್ದು, ಮತ್ತೆ ಎದ್ದಿತು. ಆದರೆ 2022ರ ಮೇ ತಿಂಗಳಲ್ಲಿ ಲೂನಾ ಎಂಬ ಇನ್ನೊಂದು ಕಾಯಿನ್ ಸುಮಾರು ಒಂದು ವಾರದಲ್ಲಿ ಎಂಬತ್ತು ಡಾಲರ್ ಆಸುಪಾಸಿನಿಂದ ಒಂದು ಸೆಂಟ್‌ಗಿಂತ ಕೆಳಗಿಳಿಯಿತು. ಕೈ ಎಷ್ಟೇ ಗಟ್ಟಿಯಿದ್ದರೂ ಹಿಡಿದದ್ದೇ ಕರಗಿಹೋದರೆ ತಾಳ್ಮೆ ಏನು ಮಾಡೀತು?

ಆದ್ದರಿಂದ ನಿಮಗೆ ಯಾರಾದರೂ ‘ಹೋಡ್ಲ್’ ಎಂದರೆ, ಯಾವ ಕಾಯಿನ್, ಯಾವ ಕಾರಣಕ್ಕೆ ಎಂದು ದಯವಿಟ್ಟು ಕೇಳಿ. ನಾನಂತೂ ಈಗ ಕೊಳ್ಳುವ ಮೊದಲೇ, ಏನಾದರೆ ಮಾರುತ್ತೇನೆ ಎಂಬುದನ್ನು ಹಾಳೆಯಲ್ಲಿ ಬರೆದು ತಾರೀಖು ಹಾಕಿ ಇಟ್ಟುಕೊಳ್ಳುತ್ತೇನೆ. ಬೆಲೆ ಕುಸಿದ ದಿನ ಗುಂಪಿನ ಸಂದೇಶಗಳ ಬದಲು ಆ ಹಾಳೆಯನ್ನು ತೆಗೆದು ಓದುತ್ತೇನೆ.