ಮೂರನೇ ಆಲ್ಟರ್ನೇಟರ್ ಕೊಳ್ಳುವ ಮೊದಲು ಅರ್ತ್ ವೈರ್ ನೋಡಿ

ನಿಮ್ಮ ಪ್ರಶ್ನೆ ಓದಿದೆ. 1980ರ ದಶಕದ ಕಿಟ್ ಕಾರು (ಬಿಡಿ ಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸುವಂಥದ್ದು), ಫೋರ್ಡ್ ಎಸ್ಕಾರ್ಟಿನ 1600 ಸಿಸಿ ಎಂಜಿನ್, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡಲು ಲ್ಯೂಕಾಸ್ 17ಎಸಿಆರ್ ಆಲ್ಟರ್ನೇಟರ್. ಬ್ಯಾಟರಿ ಹೊಸದು. ಆಲ್ಟರ್ನೇಟರನ್ನೂ ಎರಡು ಸಲ ಬದಲಾಯಿಸಿದ್ದೀರಿ. ಆದರೂ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.1 ವೋಲ್ಟ್, ಹೆಡ್‌ಲೈಟ್ ಹಾಕಿದರೆ 12.5. ರಾತ್ರಿ ಓಡಿಸುವಾಗ ಚಾರ್ಜಿಂಗ್ ದೀಪ ಮಿಣಮಿಣ ಉರಿಯುತ್ತದೆ. ಇನ್ನೊಂದು ಆಲ್ಟರ್ನೇಟರ್ ತರಲೇ ಅಂತ ಕೇಳಿದ್ದೀರಿ.

ತರಬೇಡಿ. ನಿಮ್ಮ ಆಲ್ಟರ್ನೇಟರ್ ಬಹುಶಃ ಚೆನ್ನಾಗಿಯೇ ಇದೆ. ಅದು ಕೊಟ್ಟ ಕರೆಂಟ್ ಬ್ಯಾಟರಿವರೆಗೆ ಬರುತ್ತಿಲ್ಲ.

ನಾನು ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದೇನೆ. ನನ್ನ ಹತ್ತಿರವೂ ಅದೇ ಕಾಲದ ಒಂದು ಕಿಟ್ ಕಾರು ಇದೆ. ಅದೇ ಎಂಜಿನ್, ಅದೇ ಆಲ್ಟರ್ನೇಟರ್. ನಾನೂ ಒಂದು ಬ್ಯಾಟರಿ, ಒಂದು ಆಲ್ಟರ್ನೇಟರ್ ಬದಲಾಯಿಸಿದೆ. ಚಳಿಗಾಲ ಪೂರ್ತಿ ವಾರಕ್ಕೊಮ್ಮೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದು ಚಾರ್ಜ್‌ಗೆ ಹಾಕುತ್ತಿದ್ದೆ. ಒಂದು ಬೆಳಗ್ಗೆ ಸ್ಟಾರ್ಟರ್ ತಿರುಗಿಸುತ್ತಾ, ತಣ್ಣಗಿರುವ ಎಂಜಿನ್ ಶುರುವಾಗಲಿ ಅಂತ ಚೋಕ್ ಎಳೆಯಲು ಹೋದೆ. ಕೈಗೆ ಬಿಸಿ ತಟ್ಟಿತು. ಚೋಕ್ ಕೇಬಲ್ ಬಿಸಿಯಾಗಲು ಕಾರಣವೇ ಇಲ್ಲ, ಅಲ್ವಾ? ಅಲ್ಲಿಂದ ದಾರಿ ಸಿಕ್ಕಿತು.

ಮಾಮೂಲಿ ಕಾರಿಗೆ ತಗಡಿನ ಬಾಡಿ ಇರುತ್ತದೆ. ಕರೆಂಟ್ ವಾಪಸ್ ಬರುವುದು ಆ ಬಾಡಿಯ ಮೂಲಕವೇ. ನಮ್ಮ ಕಾರುಗಳದ್ದು ಫೈಬರ್ ಬಾಡಿ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಕೆಳಗಿನ ಕಬ್ಬಿಣದ ಚಾಸಿಸ್ ಒಂದೇ ದಾರಿ. ಅದರ ಮೇಲೆ ದಪ್ಪ ಪೌಡರ್ ಕೋಟಿಂಗ್ ಬೇರೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಅದೂ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಎಂಜಿನ್‌ಗೂ ಚಾಸಿಸ್‌ಗೂ ನಡುವೆ ಒಂದು ದಪ್ಪ ಅರ್ತ್ ಪಟ್ಟಿ, ಅಂದರೆ ಕರೆಂಟ್ ವಾಪಸ್ ಬರಲು ಲೋಹದ ಪಟ್ಟಿ, ಬೇಕೇಬೇಕು. ನನ್ನ ಕಾರಿನಲ್ಲಿ ಪಟ್ಟಿ ಇತ್ತು. ಆದರೆ ಅದನ್ನು ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು. ನಟ್ಟಿನ ಅಂಚಿನಲ್ಲಿ ಚೂರು ಕಬ್ಬಿಣ ತಾಗುತ್ತಿತ್ತು, ಅಷ್ಟರಲ್ಲೇ ಇಷ್ಟು ವರ್ಷ ನಡೆದಿತ್ತು. ಅಲ್ಲಿ ತುಕ್ಕು ಹಿಡಿದ ಮೇಲೆ ಸ್ಟಾರ್ಟರಿನ ಕರೆಂಟ್ ಬೇರೆ ದಾರಿ ಹುಡುಕಿಕೊಂಡಿತು. ಆ ದಾರಿಯೇ ಎಂಜಿನ್‌ಗೆ ಸೇರಿಕೊಂಡಿರುವ ಲೋಹದ ಚೋಕ್ ಕೇಬಲ್.

ಈಗ ನಿಮ್ಮ ದೀಪದ ವಿಷಯ. ಆ ಪುಟ್ಟ ಬಲ್ಬಿನ ಒಂದು ತುದಿ ಇಗ್ನಿಷನ್ ಸ್ವಿಚ್ಚಿನ ಬಿಳಿ ವೈರಿಗೆ, ಇನ್ನೊಂದು ತುದಿ ಕಂದು-ಹಳದಿ ವೈರಿನಲ್ಲಿ ಆಲ್ಟರ್ನೇಟರಿನ ಚಿಕ್ಕ ಬ್ಲೇಡಿಗೆ (ವೈರ್ ಸಿಕ್ಕಿಸುವ ಚಪ್ಪಟೆ ಟರ್ಮಿನಲ್) ಹೋಗುತ್ತದೆ. ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಇದ್ದರೆ ಬಲ್ಬ್ ಆರಿರುತ್ತದೆ. ವ್ಯತ್ಯಾಸ ಬಂದಷ್ಟೂ ಬೆಳಗುತ್ತದೆ. ಆಲ್ಟರ್ನೇಟರ್ ಕಡೆ 14.2 ಇದ್ದು ಸ್ವಿಚ್ ಕಡೆ 12.5 ಇದ್ದರೆ ನಡುವೆ 1.7 ವೋಲ್ಟ್ ಉಳಿಯಿತು. ಹನ್ನೆರಡು ವೋಲ್ಟಿನ ಬಲ್ಬ್ ಅಷ್ಟರಲ್ಲಿ ಹಗಲು ಕಾಣದು, ಕತ್ತಲಲ್ಲಿ ಮಾತ್ರ ಕೆಂಪಗೆ ಮಿಣುಕುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಅದು ಜಾಸ್ತಿಯಾಗುತ್ತದಾ, ಗಮನಿಸಿ. ಜಾಸ್ತಿಯಾದರೆ ವೈರಿನಲ್ಲೋ ಜಾಯಿಂಟಿನಲ್ಲೋ ವೋಲ್ಟೇಜ್ ಸೋರುತ್ತಿದೆ ಅಂತ ಲೆಕ್ಕ. ಲೋಡ್ ಇದ್ದರೂ ಇಲ್ಲದಿದ್ದರೂ ಒಂದೇ ಸಮ ಉರಿದರೆ ಆಗ ಆಲ್ಟರ್ನೇಟರ್ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೇಲೆ ಅನುಮಾನ ಪಡಬಹುದು.

ವೋಲ್ಟೇಜ್ ಹೀಗೆ ಕಡಿಮೆಯಾದರೂ ಅದನ್ನು ಹತೋಟಿಯಲ್ಲಿಡಬೇಕಾದ ರೆಗ್ಯುಲೇಟರ್ ಯಾಕೆ ಸುಮ್ಮನಿದೆ ಅನ್ನುತ್ತೀರಾ? ಈ ಎಸಿಆರ್ ಆಲ್ಟರ್ನೇಟರುಗಳಲ್ಲಿ ರೆಗ್ಯುಲೇಟರ್ ಒಳಗೇ ಇದೆ. ಹೆಚ್ಚಿನವುಗಳಲ್ಲಿ ಅದು ಬ್ಯಾಟರಿಯನ್ನು ನೋಡುವುದಿಲ್ಲ, ತನ್ನ ಬಾಗಿಲಲ್ಲಿರುವ ವೋಲ್ಟೇಜನ್ನೇ ನೋಡುತ್ತದೆ. ಅಲ್ಲಿ 14.2 ಬಂದರೆ ಅದರ ಕೆಲಸ ಮುಗಿಯಿತು. ಕಾಲುವೆಯ ಬಾಯಲ್ಲಿ ನೀರು ತುಂಬಿ ಹರಿಯುತ್ತಿರುತ್ತದೆ, ಕೊನೆಯ ಗದ್ದೆ ಒಣಗಿರುತ್ತದೆ. ಅಂಥದೇ ಕಥೆ ಇದು.

ಅಳೆಯುವ ಕ್ರಮ ಹೇಳುತ್ತೇನೆ. ಒಂದು ಮಾಮೂಲಿ ಮಲ್ಟಿಮೀಟರ್ ಸಾಕು. ಮೊದಲು ಬ್ಯಾಟರಿಯನ್ನು ಮನೆಯ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿ. ಕೆಲವು ಗಂಟೆ ಬಿಟ್ಟ ಮೇಲೆ ಅದು 12.6ರ ಆಸುಪಾಸು ತೋರಿಸಬೇಕು. ಖಾಲಿ ಬ್ಯಾಟರಿ ಇಟ್ಟುಕೊಂಡು ಅಳೆದರೆ ಎಲ್ಲ ಅಂಕಿಯೂ ದಾರಿ ತಪ್ಪಿಸುತ್ತದೆ. ಆಮೇಲೆ ಎಂಜಿನ್ ಶುರು ಮಾಡಿ, ಯಾರಾದರೂ 2000 ಆರ್‌ಪಿಎಂ ಹತ್ತಿರ ಹಿಡಿದುಕೊಂಡಿರಲಿ. ಹೆಡ್‌ಲೈಟ್, ಹೀಟರ್ ಫ್ಯಾನ್ ಎರಡೂ ಆನ್ ಇರಲಿ. ಲೋಡ್ ಇಲ್ಲದೆ ಅಳೆದರೆ ಕೆಟ್ಟ ಜಾಯಿಂಟ್ ಕೂಡ ಒಳ್ಳೆಯದರ ಹಾಗೆ ಕಾಣುತ್ತದೆ. ತೋಳು, ಶಾಲು, ಮೀಟರಿನ ವೈರ್ ಯಾವುದೂ ಬೆಲ್ಟ್ ಹತ್ತಿರ ಹೋಗಬಾರದು.

ಆಲ್ಟರ್ನೇಟರಿನ ದೊಡ್ಡ ಬ್ಲೇಡಿಗೂ ಅದರದೇ ಮೈಗೂ ನಡುವೆ ಮೊದಲು ನೋಡಿ. 14ರಿಂದ 14.4ರವರೆಗೆ ಬಂದರೆ ಆಲ್ಟರ್ನೇಟರ್ ಸರಿಯಿದೆ, ಅದರ ಚಿಂತೆ ಬಿಡಿ. ನಂತರ ಮೀಟರಿನ ಒಂದು ಕಡ್ಡಿ ಅದೇ ದೊಡ್ಡ ಬ್ಲೇಡಿನ ಮೇಲೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬದ ಮೇಲೆ ಇಡಿ. ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಎಷ್ಟೋ ಸಲ ತೊಂದರೆ ಕ್ಲ್ಯಾಂಪಿಗೂ ಕಂಬಕ್ಕೂ ನಡುವೆಯೇ ಇರುತ್ತದೆ. ಇಲ್ಲಿ ಬರುವ ಅಂಕಿ ಪ್ಲಸ್ ಕಡೆಯ ಸೋರಿಕೆ. ಕೊನೆಗೆ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಅಳೆಯಿರಿ. ಇದು ಅರ್ತ್ ಕಡೆಯದು. ಎರಡೂ ಕಡೆ 0.2, ಹೆಚ್ಚೆಂದರೆ 0.3 ವೋಲ್ಟ್ ಒಳಗಿರಬೇಕು. ನನ್ನ ಕಾರಿನಲ್ಲಿ ಪ್ಲಸ್ ಕಡೆ 0.6, ಅರ್ತ್ ಕಡೆ 0.9 ಬಂತು. ಒಟ್ಟು ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು.

ಯಾವ ಕಡೆ ಜಾಸ್ತಿ ಬರುತ್ತದೋ ಆ ಕಡೆ ಒಂದೊಂದೇ ಜಾಯಿಂಟ್ ಹಿಡಿದು ಸಾಗಿ. ಅರ್ತ್ ಕಡೆ ಆದರೆ ಆಲ್ಟರ್ನೇಟರ್ ಮೈಯಿಂದ ಎಂಜಿನ್ ಬ್ಲಾಕ್, ಬ್ಲಾಕಿನಿಂದ ಚಾಸಿಸ್, ಚಾಸಿಸ್‌ನಿಂದ ಬ್ಯಾಟರಿ. ಅಂಕಿ ಎಲ್ಲಿ ಧಡಕ್ಕನೆ ಏರುತ್ತದೋ ಅಲ್ಲೇ ಕಳ್ಳ ಇದ್ದಾನೆ.

ರಿಪೇರಿಗೆ ಕೈ ಹಾಕುವ ಮುಂಚೆ ಎಂಜಿನ್ ಆರಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ. ಇದನ್ನು ಒತ್ತಿ ಹೇಳುತ್ತೇನೆ. ಆಲ್ಟರ್ನೇಟರಿಗೆ ಹೋಗುವ ಕಂದು ವೈರಿನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ, ಹಳೆಯ ವೈರಿಂಗಿನಲ್ಲಿ ಅದಕ್ಕೆ ಫ್ಯೂಸೂ ಇರುವುದಿಲ್ಲ. ಸ್ಪ್ಯಾನರ್ ಜಾರಿ ಚಾಸಿಸ್‌ಗೆ ತಾಗಿದರೆ ಕಿಡಿ ಹಾರುತ್ತದೆ. ಫೈಬರ್ ಬಾಡಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಇನ್ನೊಂದು ಮಾತು. ಚಾರ್ಜ್ ಆಗುತ್ತಿದೆಯಾ ನೋಡೋಣ ಅಂತ ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕೀಳುವ ಅಭ್ಯಾಸ ಆಲ್ಟರ್ನೇಟರ್ ಬರುವ ಮುಂಚಿನ ಡೈನಮೋ ಕಾಲದ್ದು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಥಟ್ಟನೆ ಏರಿ ಡಯೋಡ್ ಸುಟ್ಟುಹೋಗಬಹುದು.

ಅರ್ತ್ ಕಡೆಗೆ ನಾನು ಮಾಡಿದ್ದು ಇಷ್ಟು. ಪಟ್ಟಿ ಕೂರುವ ಜಾಗದಲ್ಲಿ ಬಣ್ಣ ಪೂರ್ತಿ ಕೆರೆದು ಕಬ್ಬಿಣ ಹೊಳೆಯುವ ಹಾಗೆ ಮಾಡಿದೆ. ಹೊಸ ಪಟ್ಟಿ ಬಿಗಿದೆ. ಮೇಲೆ ಗ್ರೀಸ್ ಬಳಿದೆ. ಜೊತೆಗೆ ಬ್ಯಾಟರಿ ಮೈನಸ್‌ನಿಂದ ಗೇರ್‌ಬಾಕ್ಸಿನ ಬೋಲ್ಟಿಗೆ ನೇರವಾಗಿ ಇನ್ನೊಂದು ದಪ್ಪ ಕೇಬಲ್ ಎಳೆದೆ. ಫೈಬರ್ ಬಾಡಿಯ ಕಾರಿಗೆ ಇದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ಲಸ್ ಕಡೆ ವೈರಿನ ದಪ್ಪ ನೋಡಿ. ನನ್ನ ಕಾರಿನಲ್ಲಿ ಟೇಪ್ ಬಿಚ್ಚಿದಾಗ 2 ಚದರ ಮಿಲಿಮೀಟರ್ ವೈರ್ ಸಿಕ್ಕಿತು, ಮಧ್ಯೆ ಮನೆ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಕನೆಕ್ಟರಿನ ಜಾಯಿಂಟ್ ಬೇರೆ. ಲೆಕ್ಕ ಹಾಕಿ ನೋಡಿ. 2 ಚದರ ಮಿಲಿಮೀಟರಿನ ತಾಮ್ರದ ವೈರ್ 3 ಮೀಟರ್ ಉದ್ದ ಇದ್ದು 30 ಆಂಪಿಯರ್ ಹರಿದರೆ ಸುಮಾರು 0.8 ವೋಲ್ಟ್ ಅಲ್ಲೇ ಹೋಗುತ್ತದೆ. ಅದೇ 6 ಚದರ ಮಿಲಿಮೀಟರ್ ಹಾಕಿದರೆ 0.26 ಮಾತ್ರ. ನಿಮ್ಮ 17ಎಸಿಆರ್ ಕೊಡುವುದು ಹೆಚ್ಚೆಂದರೆ 36 ಆಂಪಿಯರ್. ಹೆಡ್‌ಲೈಟ್, ಹಿಂದಿನ ದೀಪ, ಇಗ್ನಿಷನ್ ಕಾಯಿಲ್, ರೇಡಿಯೇಟರ್ ಫ್ಯಾನ್ ಎಲ್ಲ ಸೇರಿದರೆ ಇಪ್ಪತ್ತು ದಾಟುತ್ತದೆ. ಉಳಿದ ಸ್ವಲ್ಪವೇ ಬ್ಯಾಟರಿಗೆ. ಅದನ್ನೂ ಸಣ್ಣ ವೈರ್ ತಿಂದರೆ ಏನು ಉಳಿಯುತ್ತದೆ?

ಆಲ್ಟರ್ನೇಟರ್ ಪ್ಲಗ್ಗಿನಿಂದ ಸ್ಟಾರ್ಟರ್ ಸಾಲಿನಾಯ್ಡಿನಲ್ಲಿ (ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್) ಬ್ಯಾಟರಿ ಕೇಬಲ್ ಕೂರುವ ಬೋಲ್ಟಿಗೆ ನೇರ 6 ಚದರ ಮಿಲಿಮೀಟರ್ ಕೇಬಲ್ ಎಳೆಯಿರಿ. ಬೋಲ್ಟ್ ಹತ್ತಿರ ಒಂದು 50 ಆಂಪಿಯರ್ ಫ್ಯೂಸ್ ಹಾಕಿ. ಪ್ಲಗ್ಗಿನ ಒಳಗಿನ ಕ್ಲಿಪ್ಪುಗಳು ಸುಟ್ಟು ಕಂದಾಗಿದ್ದರೆ ಅಥವಾ ಸಡಿಲವಾಗಿದ್ದರೆ ಪ್ಲಗ್ಗನ್ನೇ ಬದಲಾಯಿಸಿ.

ಎಸ್ಕಾರ್ಟಿನ ರಿಪೇರಿ ಪುಸ್ತಕದಲ್ಲಿರುವ ವೈರಿಂಗ್ ಚಿತ್ರವನ್ನು ಪೂರ್ತಿ ನಂಬಬೇಡಿ. ಕಿಟ್ ಕಾರುಗಳನ್ನು ಕಟ್ಟಿದ್ದು ಕಾರ್ಖಾನೆಯಲ್ಲಲ್ಲ. ಬ್ರಿಟನ್ನಿನಲ್ಲಿ ಹಿಂದೆ ಕಾರನ್ನು ಬಿಡಿ ಭಾಗಗಳಾಗಿ ಕೊಂಡರೆ ಪರ್ಚೇಸ್ ಟ್ಯಾಕ್ಸ್ ಎಂಬ ಖರೀದಿ ತೆರಿಗೆ ಉಳಿಯುತ್ತಿತ್ತು. 1957ರಲ್ಲಿ ಬಂದ ಲೋಟಸ್ ಸೆವೆನ್ ಹಾಗೇ ಮನೆಮನೆಯ ಗ್ಯಾರೇಜಿನಲ್ಲಿ ಜೋಡಣೆಯಾಯಿತು. 1973ರಲ್ಲಿ ವ್ಯಾಟ್ ಬಂದು ಆ ಉಳಿತಾಯ ಹೋಯಿತು, ಕಿಟ್ ಕಟ್ಟುವ ಆಸೆ ಹೋಗಲಿಲ್ಲ. ನಮ್ಮಂಥ ಕಾರುಗಳಿಗೆ ಹಳೆಯ ಎಸ್ಕಾರ್ಟಿನ ವೈರಿಂಗನ್ನು ಕತ್ತರಿಸಿ, ಸೇರಿಸಿ ಹಾಕಿದವರೇ ಹೆಚ್ಚು. ಒಬ್ಬೊಬ್ಬರ ಕೈ ಒಂದೊಂದು ಥರ. ವೈರಿನ ಬಣ್ಣ ಕೂಡ ಮಧ್ಯದಲ್ಲಿ ಬದಲಾಗಿರಬಹುದು. ಹಾಗಾಗಿ ನಿಮ್ಮ ಕಾರಿನ ಚಿತ್ರವನ್ನು ನೀವೇ ಬರೆದುಕೊಳ್ಳಿ. ನನಗೆ ಎರಡು ಭಾನುವಾರ ಬೇಕಾಯಿತು. ಇವತ್ತಿಗೂ ಆ ಹಾಳೆ ಗ್ಯಾರೇಜಿನ ಗೋಡೆ ಮೇಲಿದೆ.

ಒಂದು ವಿಷಯ ಮರೆಯುತ್ತಿದ್ದೆ. ಆ ಚಾರ್ಜಿಂಗ್ ಬಲ್ಬ್ ತೆಗೆದು ಎಲ್‌ಇಡಿ ಹಾಕುವ ಯೋಚನೆ ಇದ್ದರೆ ತಡೆಯಿರಿ. ಅದು 2.2 ವ್ಯಾಟಿನ ಬಲ್ಬ್. ಕೀ ತಿರುಗಿಸಿದಾಗ ಆಲ್ಟರ್ನೇಟರಿಗೆ ಜೀವ ಕೊಡುವ ಮೊದಲ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಎಲ್‌ಇಡಿಯಲ್ಲಿ ಅಷ್ಟು ಹರಿಯುವುದಿಲ್ಲ, ಎಂಜಿನ್ ಜೋರಾಗಿ ಓಡುವವರೆಗೂ ಚಾರ್ಜಿಂಗ್ ಶುರುವಾಗದೇ ಇರಬಹುದು. ಹಾಕಲೇಬೇಕಿದ್ದರೆ ಅದರ ಎರಡು ತುದಿಗಳ ನಡುವೆ, ಪ್ಯಾರಲಲ್ ಆಗಿ, 68 ಓಮ್, 5 ವ್ಯಾಟಿನ ರೆಸಿಸ್ಟರ್ ಸೇರಿಸಿ.

ಈ ಶನಿವಾರ ಬಿಡುವಿದ್ದರೆ ಆ ಎರಡು ಕಡೆಯ ಸೋರಿಕೆ ಅಳೆದು ಅಂಕಿಗಳನ್ನು ಇಲ್ಲಿ ಬರೆಯಿರಿ. ಅರ್ತ್ ಪಟ್ಟಿಯ ಬೋಲ್ಟಿನ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು. ನೋಡಿ ಹೇಳುತ್ತೇನೆ.