ವರ್ಣಚಿತ್ರ ಕಲಿತವರು ಬೇರೆ ಮಾಧ್ಯಮಕ್ಕೆ ಹೋದರೆ ಕಲಿತದ್ದು ವ್ಯರ್ಥವಾಗುತ್ತದೆಯೇ?

ಐದು ವರ್ಷ ಬಣ್ಣ, ಕ್ಯಾನ್ವಾಸುಗಳೊಡನೆ ಕಳೆದ ಮೇಲೆ ಈಗ ವಸ್ತುಗಳನ್ನೇ ಜೋಡಿಸಿ ಇನ್‌ಸ್ಟಲೇಶನ್ ಮಾಡಬೇಕೆನಿಸುತ್ತಿದೆ, ಹಾಗೆ ಮಾಡಿದರೆ ಕಲಿತದ್ದೆಲ್ಲ ನೀರುಪಾಲಾಗುತ್ತದೆಯೇ ಎಂದು ತಾವು ಕೇಳಿದ್ದೀರಿ. ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವ ನನಗೆ, ಇಂಥ ಪ್ರಶ್ನೆಗೆ ಬುದ್ಧಿವಾದಕ್ಕಿಂತ ಕಲಾವಿದೆ ಶೀಲಾ ಗೌಡರು ನಡೆದ ದಾರಿಯೇ ಒಳ್ಳೆಯ ಉತ್ತರವೆಂದು ತೋರುತ್ತದೆ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್. ಎಂ. ಹಡಪದರ ಬಳಿಯೂ ಶಾಂತಿನಿಕೇತನದಲ್ಲಿ ಕೆ. ಜಿ. ಸುಬ್ರಮಣ್ಯನ್ ಅವರ ಬಳಿಯೂ ಕಲಿತು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ವರ್ಣಚಿತ್ರದ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿಯವರೆಗಿನ ತಾಲೀಮೆಲ್ಲ ಕುಂಚದ್ದೇ.

ತಿರುವು ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. 1992ರಲ್ಲಿ ಬಾಬರಿ ಮಸೀದಿ ಉರುಳಿ, ಅದರ ಬೆನ್ನಿಗೇ ಕೋಮುಹಿಂಸೆ ಹಬ್ಬಿದ ಆ ದಿನಗಳಲ್ಲಿ ಅವರು ಕೈಗೆತ್ತಿಕೊಂಡದ್ದು ಸಗಣಿಯನ್ನು. ಮೊದಲು ಚಿತ್ರದ ಮೇಲ್ಮೈಗೆ ಬಂದ ಸಗಣಿ ಆಮೇಲೆ ಉಂಡೆಯಾಗಿ, ಇಟ್ಟಿಗೆಯಾಗಿ ಚೌಕಟ್ಟಿನಿಂದ ಹೊರಗೇ ಬಂದಿತು. ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ದುಡಿಮೆಯೂ ಹಸುವಿಗೆ ಸಲ್ಲುವ ಪೂಜ್ಯಭಾವವೂ ಒಂದೇ ಮುದ್ದೆಯಲ್ಲಿ ಇರುವಾಗ, ಅದನ್ನು ಬಣ್ಣದಲ್ಲಿ ಬರೆದು ತೋರಿಸುವ ಅಗತ್ಯ ಉಳಿಯಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯ ಕೆಲಸವನ್ನು ಸ್ವಲ್ಪ ನಿಧಾನವಾಗಿ ಕಲ್ಪಿಸಿಕೊಳ್ಳಿ. ಸೂಜಿಯ ಕಣ್ಣಿಗೆ ನೂರು ಮೀಟರಿಗೂ ಮಿಕ್ಕ ದಾರವನ್ನು ಪೋಣಿಸಿ ಪೂರ್ತಿ ಎಳೆಯಬೇಕು. ಅಂಥ ಎಷ್ಟೋ ಎಳೆಗಳನ್ನು ಒಟ್ಟು ಸೇರಿಸಿ, ಅಂಟು ಮತ್ತು ಕುಂಕುಮ ಹಚ್ಚಿ ಹುರಿಯಾಗಿಸಬೇಕು. ಆ ಕೆಂಪು ಹುರಿ ಗೋಡೆಯಿಂದ ಇಳಿದು ನೆಲದ ಮೇಲೆ ಸುತ್ತುತ್ತದೆ, ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಜೋತುಬೀಳುತ್ತವೆ. ದೂರದಿಂದ ನೋಡಿದವರಿಗೆ ಕೊಠಡಿಯ ಗಾಳಿಯಲ್ಲೇ ಎಳೆದ ಗೆರೆಯಂತೆ ಕಾಣುವ ಇದನ್ನು ರೇಖಾಚಿತ್ರವೆನ್ನದೆ ಮತ್ತೇನೆನ್ನೋಣ? ಕುಂಚ ಕೈಬಿಟ್ಟಿದೆ, ಗೆರೆ ಕೈಬಿಟ್ಟಿಲ್ಲ.

ಗೆರೆಯ ಇದೇ ಹಂಬಲ 2009ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿದ್ದ 'ಬಿಹೋಲ್ಡ್' ಕೃತಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗವಾಗಿದೆ. ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರೆ. ಉದ್ದ ಕೂದಲು ವಿಗ್ಗಿನ ವ್ಯಾಪಾರಕ್ಕೆ ಹೋದರೆ, ಗಿಡ್ಡದ್ದು ಹಗ್ಗವಾಗಿ, ಕೆಟ್ಟದ್ದು ತಾಗದಿರಲೆಂದು ವಾಹನಗಳ ಬಂಪರಿಗೆ ಬರುತ್ತದೆ. ನಾವು ಸಿಗ್ನಲ್ಲಿನಲ್ಲಿ ನಿಂತು ನೋಡಿಯೂ ನೋಡದ ಆ ಕಪ್ಪು ಹಗ್ಗದಲ್ಲೇ ಅವರು ಇಪ್ಪತ್ತು ಉಕ್ಕಿನ ಬಂಪರುಗಳನ್ನು ತೂಗುಹಾಕಿದರು. ಕೃತಿ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ.

ಉಳಿದಂತೆ, ಜರ್ಮನಿಯಲ್ಲಿ ನಡೆಯುವ ಡಾಕ್ಯುಮೆಂಟಾ ಕಲಾಪ್ರದರ್ಶನದ 2007ರ ಆವೃತ್ತಿ, 2019ರ ಮರಿಯಾ ಲಾಸ್ನಿಗ್ ಪ್ರಶಸ್ತಿ, ಅದೇ ವರ್ಷ ಮಿಲಾನಿನಲ್ಲಿ ನಡೆದ ದೊಡ್ಡ ಪ್ರದರ್ಶನ ಇವೆಲ್ಲ ಅವರ ಪರಿಚಯಪತ್ರಗಳಲ್ಲಿ ತಮಗೆ ಸಿಗುತ್ತವೆ. ಆದರೆ ಲಂಡನ್ನಿನ ಪದವಿಗೂ ವೆನಿಸ್ಸಿಗೂ ನಡುವೆ 23 ವರ್ಷಗಳಿವೆ ಎಂಬುದನ್ನು ಮಾತ್ರ ಗಮನಿಸಿ. (ಈ ಲೆಕ್ಕವನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿದಾಗ ಯಾರ ಮುಖವೂ ಅರಳುವುದಿಲ್ಲ.)

ತಾವು ಹೋಗಬೇಕೆಂದಿರುವ ದಾರಿಯ ಬಗ್ಗೆ ಒಂದೇ ಮಾತು: ಇನ್‌ಸ್ಟಲೇಶನ್ ಮಾಡಬೇಕೆಂದು ಹೊರಟು ವಸ್ತು ಹುಡುಕಬೇಡಿ. 2006ರ 'ಡಾರ್ಕ್‌ರೂಮ್' ಹುಟ್ಟಿದ್ದು ರಸ್ತೆ ಕೆಲಸದವರು ಖಾಲಿ ಟಾರು ಡ್ರಮ್ಮುಗಳಿಂದ ತಮಗಾಗಿ ಕಟ್ಟಿಕೊಳ್ಳುವ ಗೂಡುಗಳನ್ನು ಕಂಡು. ಹೊರಗೆ ಡ್ರಮ್ಮುಗಳು ಅರಮನೆಯ ಕಂಬಗಳ ಹಾಗೆ ಗತ್ತಿನಿಂದ ನಿಂತಿರುತ್ತವೆ. ಬಗ್ಗಿ ಒಳಹೊಕ್ಕು ಕತ್ತಲಲ್ಲಿ ತಲೆಯೆತ್ತಿದರೆ, ಚಾವಣಿಯ ತಗಡಿಗೆ ಕೊರೆದ ಸಣ್ಣ ತೂತುಗಳು ನಕ್ಷತ್ರಗಳಂತೆ ಹೊಳೆಯುತ್ತವೆ.